ಬೇಸಲ್ ಇನ್ಸುಲಿನ್: ರಾತ್ರಿಯ ಲೆಕ್ಕ ನೋಡದೆ ಯೂನಿಟ್ ಏರಿಸಬೇಡಿ

ಎಮರಾಲ್ಡ್‌ನಲ್ಲಿ ಡಿಸೆಂಬರ್ ತಿಂಗಳ ರಾತ್ರಿ ಎರಡು ಕಂಬಳಿ ಹೊದ್ದರೂ ಕಾಲು ಬೆಚ್ಚಗಾಗುವುದಿಲ್ಲ. ಅಂಥಾ ಚಳಿಯಲ್ಲಿ ನನ್ನ ಉಮ್ಮ ಮಧ್ಯರಾತ್ರಿ ಬೆವರಿ ಒದ್ದೆಯಾಗಿ ಏಳುತ್ತಿದ್ದರು. ಕಂಬಳಿ ದಪ್ಪವಾಯಿತು ಅಂತ ನಾವು ಒಂದನ್ನು ತೆಗೆದೆವು. ಬೆಳಗ್ಗೆ ತಲೆನೋವು ಅಂದರೆ ಚಳಿಗೆ ಅಂದೆವು. ಶುಗರ್ ಇಳಿದು ಬೆವರಿದ್ದು ಅಂತ ಗೊತ್ತಾಗಲು ನಮಗೆ ಎರಡು ತಿಂಗಳು ಬೇಕಾಯಿತು.

ನಾನು ವೈದ್ಯನಲ್ಲ. ಬಿ.ಕಾಂ. ಮುಗಿಸಿ ಇಲ್ಲಿ ಸಣ್ಣ ವ್ಯಾಪಾರ ಮಾಡಿಕೊಂಡಿರುವವನು. ಆದರೆ ಉಮ್ಮನ ಕಾಯಿಲೆಯಿಂದಾಗಿ ಈ ವಿಷಯವನ್ನು ಲೆಕ್ಕದ ಪುಸ್ತಕದ ಹಾಗೆ ಕೂತು ಕಲಿಯಬೇಕಾಯಿತು. ನಮ್ಮ ಜನರಲ್ಲಿ ಇನ್ಸುಲಿನ್ ಹಾಕುವ ಮನೆ ಎಷ್ಟೋ ಉಂಟು, ಆದರೆ ಡೋಸ್ ಸರಿ ಉಂಟಾ ಇಲ್ವಾ ಅಂತ ಪರೀಕ್ಷಿಸುವುದು ಹೇಗೆ ಎಂದು ತಿಳಿದವರು ಕಡಿಮೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹ ಇರುವವರು ಸುಮಾರು 10.1 ಕೋಟಿ. ಇಲ್ಲಿ ಬರೆದದ್ದನ್ನು ಓದಿ ನೀವೇ ಡೋಸ್ ಬದಲಿಸುವುದು ಬೇಡ. ಡಾಕ್ಟರ ಮುಂದೆ ಕೂರುವಾಗ ಕೈಯಲ್ಲಿ ಸರಿಯಾದ ಅಂಕಿ ಇರಲಿ ಅಂತ ಇದನ್ನು ಬರೆದಿದ್ದೇನೆ.

ಬೇಸಲ್ ಅಂದರೆ ಅಂಗಡಿ ಬಾಡಿಗೆ

ಅಂಗಡಿಯಲ್ಲಿ ವ್ಯಾಪಾರ ಆಗಲಿ ಆಗದಿರಲಿ, ಬಾಡಿಗೆ ಕಟ್ಟಲೇಬೇಕು. ಸರಕು ತರುವ ಖರ್ಚು ಮಾತ್ರ ವ್ಯಾಪಾರದ ಹಾಗೆ ಏರಿಳಿಯುತ್ತದೆ. ಇನ್ಸುಲಿನ್ ಕೂಡಾ ಹಾಗೇ ಎರಡು ಬಗೆ. ನಾವು ಏನೂ ತಿನ್ನದೆ ಮಲಗಿದ್ದರೂ ಯಕೃತ್ತು ರಕ್ತಕ್ಕೆ ಸ್ವಲ್ಪ ಸ್ವಲ್ಪ ಸಕ್ಕರೆ ಬಿಡುತ್ತಲೇ ಇರುತ್ತದೆ. ಅದನ್ನು ಸಂಭಾಳಿಸಲು 24 ಗಂಟೆಯೂ ಬೇಕಾದ ಇನ್ಸುಲಿನ್‌ಗೆ ಬೇಸಲ್ ಅಥವಾ ಹಿನ್ನೆಲೆ ಇನ್ಸುಲಿನ್ ಎನ್ನುತ್ತಾರೆ. ಊಟ ಮಾಡಿದಾಗ ಏರುವ ಸಕ್ಕರೆಗೆ ಬೇರೆಯೇ ಇನ್ಸುಲಿನ್ ಬೇಕು, ಅದು ಬೋಲಸ್. ಊಟದ ತಪ್ಪನ್ನು ಬೇಸಲ್‌ನಿಂದ ಸರಿ ಮಾಡಲು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಮನೆಯೇ ಉದಾಹರಣೆ, ಮುಂದೆ ಹೇಳುತ್ತೇನೆ.

ಇನ್ಸುಲಿನ್ ಸಿಕ್ಕಿದ್ದು 1921ರಲ್ಲಿ, ಕೆನಡಾದ ಟೊರಾಂಟೊದಲ್ಲಿ. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲು ಚುಚ್ಚಿದರು. (ನಮ್ಮ ಎಮರಾಲ್ಡ್ ಅಣೆಕಟ್ಟು ಸೇರಿರುವ ಕುಂದಾ ವಿದ್ಯುತ್ ಯೋಜನೆಗೂ ಕೊಲಂಬೊ ಯೋಜನೆಯಡಿ ನೆರವು ಕೊಟ್ಟದ್ದು ಕೆನಡಾವೇ. ಈ ಊರಿಗೂ ಆ ದೇಶಕ್ಕೂ ಎರಡು ಋಣ.) ಆಗಿನ ಇನ್ಸುಲಿನ್ ಕೆಲವೇ ಗಂಟೆ ಕೆಲಸ ಮಾಡುತ್ತಿತ್ತು, ರಾತ್ರಿಯೂ ಎದ್ದು ಚುಚ್ಚಬೇಕಿತ್ತು. 1946ರಲ್ಲಿ ಡೆನ್ಮಾರ್ಕ್‌ನ ಹ್ಯಾಗೆಡಾರ್ನ್ ಅವರ ಪ್ರಯೋಗಾಲಯದಿಂದ ಎನ್‌ಪಿಎಚ್ ಬಂತು. ಇದು ಹಾಲಿನ ಹಾಗೆ ಮಸುಕು ಮಸುಕಾಗಿರುತ್ತದೆ, ಹಾಕುವ ಮೊದಲು ಅಂಗೈಯಲ್ಲಿ ಮೆಲ್ಲಗೆ ಉರುಳಿಸಬೇಕು. ಚುಚ್ಚಿದ 4ರಿಂದ 10 ಗಂಟೆಯ ನಡುವೆ ಇದರ ಬಲ ಹೆಚ್ಚು. ರಾತ್ರಿ ಊಟಕ್ಕೆ ಹಾಕಿದರೆ ಆ ಬಲ ಬರುವುದು ನಡುರಾತ್ರಿಯಲ್ಲಿ. 2000ದಲ್ಲಿ ಅಮೆರಿಕ, ಯುರೋಪುಗಳಲ್ಲಿ ಒಪ್ಪಿಗೆ ಪಡೆದ ಗ್ಲಾರ್ಜಿನ್‌ಗೆ ಅಂಥಾ ಎತ್ತರ ಇಳುಕಲು ಕಡಿಮೆ, ಹೆಚ್ಚುಕಡಿಮೆ ಒಂದು ದಿನ ಸಮನಾಗಿ ನಡೆಯುತ್ತದೆ. ಡಿಗ್ಲುಡೆಕ್ 42 ಗಂಟೆಗೂ ಮೀರಿ ಇರುತ್ತದೆ. ಗ್ಲಾರ್ಜಿನನ್ನು ನಮ್ಮ ಬೆಂಗಳೂರಿನ ಬಯೋಕಾನ್ ಕೂಡಾ ತಯಾರಿಸುತ್ತದೆ. ಮೆಡಿಕಲ್‌ನವರ ಬದಲಿಗೆ ಕೊಡಬಹುದಾದ ಇನ್ಸುಲಿನ್ ಎಂದು ಅಮೆರಿಕದ ಎಫ್‌ಡಿಎ 2021ರಲ್ಲಿ ಮೊದಲ ಬಾರಿಗೆ ಒಪ್ಪಿದ್ದು ಅದನ್ನೇ.

ಯಾವ ಹೆಸರಿನದ್ದು ಎಂಬುದು ಇಲ್ಲಿ ಮುಖ್ಯವಾಗುತ್ತದೆ. ಯಾಕೆಂದರೆ ಡೋಸ್ ಬದಲಿಸಿದ ಮರುದಿನವೇ ಫಲಿತಾಂಶ ನೋಡಿ ಮತ್ತೆ ಬದಲಿಸುವುದು ತಪ್ಪು. ಗ್ಲಾರ್ಜಿನ್ ಆದರೆ ಹೊಸ ಡೋಸ್ ದೇಹದಲ್ಲಿ ನೆಲೆ ನಿಲ್ಲಲು 2-4 ದಿನ ಬೇಕು. ಡಿಗ್ಲುಡೆಕ್‌ಗೆ ಕಡಿಮೆಯೆಂದರೂ 3-4 ದಿನ ಕಾಯಬೇಕು, ವಾರ ಕಾಯುವ ಡಾಕ್ಟರುಗಳೂ ಇದ್ದಾರೆ.

ಇನ್ನೊಂದು ಮಾತು ಮೊದಲೇ ಹೇಳಬೇಕು. ನಮ್ಮ ಅನೇಕ ಮನೆಗಳಲ್ಲಿ ಇರುವುದು 30/70 ಮಿಕ್ಸ್ ಇನ್ಸುಲಿನ್, ಬೆಳಗ್ಗೆ ರಾತ್ರಿ ಎರಡು ಸಲ. ಅದರಲ್ಲಿ ಬಾಡಿಗೆಯೂ ಸರಕಿನ ಖರ್ಚೂ ಒಂದೇ ಬಿಲ್ಲಿನಲ್ಲಿ ಸೇರಿಹೋಗಿದೆ. ಅದನ್ನು ಹಾಕಿ ಊಟ ಬಿಟ್ಟರೆ ಶುಗರ್ ಇಳಿದೇ ಇಳಿಯುತ್ತದೆ. ಮಿಕ್ಸ್ ಹಾಕುವವರು ಕೆಳಗೆ ಹೇಳುವ, ಊಟ ಬಿಟ್ಟು ಮಾಡುವ ಪರೀಕ್ಷೆಯನ್ನು ಮಾಡಲೇಬಾರದು.

ನಮ್ಮ ಮನೆಯ ಲೆಕ್ಕ ತಪ್ಪಿದ್ದು

ಉಮ್ಮನಿಗೆ ಟೈಪ್ 2. ಮಾತ್ರೆಯ ಜೊತೆ ರಾತ್ರಿ 10 ಗಂಟೆಗೆ ಗ್ಲಾರ್ಜಿನ್. ಶುರುವಾದದ್ದು 10 ಯೂನಿಟ್‌ನಿಂದ. ಟೈಪ್ 2ರಲ್ಲಿ ಸಾಮಾನ್ಯ ಕ್ರಮ ಇದೇ: 10 ಯೂನಿಟ್, ಅಥವಾ ತೂಕದ ಪ್ರತಿ ಕೆ.ಜಿ.ಗೆ 0.1ರಿಂದ 0.2 ಯೂನಿಟ್ ಅಂತ ಆರಂಭಿಸುತ್ತಾರೆ. ಆಮೇಲೆ ಬೆಳಗ್ಗಿನ ಖಾಲಿ ಹೊಟ್ಟೆಯ ಶುಗರ್ ನೋಡಿಕೊಂಡು 3 ದಿನಕ್ಕೊಮ್ಮೆ 2 ಯೂನಿಟ್ ಏರಿಸುತ್ತಾ ಹೋಗುತ್ತಾರೆ. ಗುರಿ 80-130 ಮಿ.ಗ್ರಾಂ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇದ್ದವರಿಗೆ ಡಾಕ್ಟರು ಈ ಗುರಿಯನ್ನು ಸಡಿಲ ಮಾಡುತ್ತಾರೆ. ಮಧ್ಯದಲ್ಲಿ ಕಾರಣವಿಲ್ಲದೆ ಶುಗರ್ 70ಕ್ಕಿಂತ ಇಳಿದರೆ ಏರಿಸುವುದನ್ನು ನಿಲ್ಲಿಸಿ 10ರಿಂದ 20 ಶೇಕಡಾ ಇಳಿಸುತ್ತಾರೆ.

ಈ ಕ್ರಮದಲ್ಲಿ ತಪ್ಪಿಲ್ಲ. ಆದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ನಮಗೆ ಗೊತ್ತಿರಲಿಲ್ಲ. ಬೆಳಗ್ಗೆ 150 ಬಂತು ಅಂತ ಫೋನ್ ಮಾಡುವುದು, ಆಚೆಯಿಂದ ಎರಡು ಯೂನಿಟ್ ಜಾಸ್ತಿ ಮಾಡಿ ಅನ್ನುವುದು. ಹೀಗೆ ಫೋನಿನಲ್ಲೇ 36ಕ್ಕೆ ಮುಟ್ಟಿತು. ಉಮ್ಮನ ತೂಕ 58 ಕೆ.ಜಿ. ಭಾಗಿಸಿ ನೋಡಿ, ಕೆ.ಜಿ.ಗೆ 0.6 ಯೂನಿಟ್ ದಾಟಿತು. ಬೇಸಲ್ ಒಂದೇ 0.5 ದಾಟಿದ ಮೇಲೂ ಶುಗರ್ ಹಿಡಿತಕ್ಕೆ ಬಾರದಿದ್ದರೆ ಬೇರೆಲ್ಲೋ ಕಾರಣ ಹುಡುಕಬೇಕು ಅಂತ ಮಾರ್ಗಸೂಚಿಗಳು ಹೇಳುತ್ತವೆ. ಆ ಲೆಕ್ಕ ಮಾಡಲು ಕಾಲ್ಕ್ಯುಲೇಟರ್ ಕೂಡಾ ಬೇಡ, ಆದರೂ ದಿನವಿಡೀ ಲೆಕ್ಕ ಬರೆಯುವ ನಾನು ಮಾಡಿರಲಿಲ್ಲ.

ಕೊನೆಗೆ ಊಟಿಯಲ್ಲಿ ಒಬ್ಬರು ಡಾಕ್ಟರಿಗೆ ತೋರಿಸಿದಾಗ ಅವರು ಮೊದಲು ಕೇಳಿದ್ದೇ ಇಷ್ಟು: "ಮಲಗುವಾಗ ಶುಗರ್ ಎಷ್ಟಿರುತ್ತೆ ಅಮ್ಮಾ?" ಉಮ್ಮ ನನ್ನ ಮುಖ ನೋಡಿದರು, ನಾನು ಉಮ್ಮನ ಮುಖ ನೋಡಿದೆ. ಒಂದು ದಿನವೂ ನೋಡಿರಲಿಲ್ಲ. ಮೂರು ರಾತ್ರಿ ನೋಡಿಕೊಂಡು ಬನ್ನಿ ಅಂದರು.

ಮೊದಲ ರಾತ್ರಿ ಮಲಗುವಾಗ 238. ಮೂರು ಗಂಟೆಗೆ ನಾನೇ ಅಲಾರಂ ಇಟ್ಟು ಎದ್ದು ನೋಡಿದರೆ 64. ಉಮ್ಮನ ಬೆನ್ನು ಒದ್ದೆ. ಗ್ಲೂಕೋಸ್ ಪುಡಿ ಕುಡಿಸಿ ಕಾಲು ಗಂಟೆ ಬಿಟ್ಟು ನೋಡಿದಾಗ 97. ಬೆಳಗ್ಗೆ 151. ಆ 151 ಒಂದನ್ನೇ ನೋಡಿ ನಾವು ಇಷ್ಟು ದಿನ ಯೂನಿಟ್ ಏರಿಸಿದ್ದೆವು.

ಮಲಗುವಾಗಿನ ಶುಗರ್‌ಗೂ ಬೆಳಗ್ಗಿನದಕ್ಕೂ 50ಕ್ಕಿಂತ ಹೆಚ್ಚು ಇಳಿಕೆ ಇದ್ದರೆ ಬೇಸಲ್ ಅತಿಯಾಗಿದೆ ಎನ್ನುವುದಕ್ಕೆ ಅದು ಒಂದು ಸೂಚನೆ. ನಮ್ಮಲ್ಲಿ ನಿಜವಾದ ತೊಂದರೆ ಇದ್ದದ್ದು ಊಟದಲ್ಲಿ. ಅಂಗಡಿ ಮುಚ್ಚಿ ನಾನು ಬರುವವರೆಗೆ ಉಮ್ಮ ಕಾಯುತ್ತಿದ್ದರು, ಒಂಬತ್ತೂವರೆಗೆ ಅನ್ನ, ಅದರ ಮೇಲೆ ಸಕ್ಕರೆ ಹಾಕಿದ ಚಹಾ. ಡಾಕ್ಟರು ಬೇಸಲ್ 28ಕ್ಕೆ ಇಳಿಸಿದರು, ರಾತ್ರಿಯ ಗ್ಲಿಮೆಪಿರೈಡ್ ಮಾತ್ರೆ ತೆಗೆದರು, ಊಟ ಏಳೂವರೆಗೆ ಮಾಡಿಸಿದರು. ಮೂರು ವಾರದ ನಂತರ ಮಲಗುವಾಗ 160ರ ಆಸುಪಾಸು, ಬೆಳಗ್ಗೆ 120-130. ಡೋಸ್ ಇಳಿಸಿದ ಮೇಲೆ ಬೆಳಗ್ಗಿನ ಶುಗರ್ ಸರಿಯಾಯಿತು ಅಂದರೆ ನೆಂಟರು ಈಗಲೂ ನಂಬುವುದಿಲ್ಲ.

ಇಂಥದ್ದಕ್ಕೆ ಸೊಮೋಗಿ ಪರಿಣಾಮ ಅಂತ ಹಳೆಯ ಹೆಸರುಂಟು: ರಾತ್ರಿ ಇಳಿದದ್ದಕ್ಕೆ ದೇಹ ಪ್ರತೀಕಾರವಾಗಿ ಬೆಳಗ್ಗೆ ಏರಿಸುತ್ತದೆ ಎಂಬುದು. ಉಮ್ಮನ 151ರಲ್ಲಿ ನಾನು ಕುಡಿಸಿದ ಗ್ಲೂಕೋಸೂ ಸೇರಿತ್ತು ಅನ್ನಿ. ಹೆಚ್ಚಿನವರಲ್ಲಿ ಬೆಳಗ್ಗಿನ ಏರಿಕೆಗೆ ಇದು ಕಾರಣವಲ್ಲ ಎಂಬುದು ಈಗಿನ ತಜ್ಞರ ಅಭಿಪ್ರಾಯ. ಹೆಚ್ಚಾಗಿ ಕಾಣುವುದು ಇನ್ನೊಂದು: ಸುಬ್‌ಹಿ ಹೊತ್ತಿಗೆ, ಬೆಳಗಿನ ಜಾವ ದೇಹ ಏಳಲು ತಯಾರಾಗುವಾಗ ಕೆಲವು ಹಾರ್ಮೋನುಗಳು ಸಕ್ಕರೆಯನ್ನು ಏರಿಸುತ್ತವೆ. ಎರಡನ್ನೂ ಬೇರೆ ಮಾಡಿ ತೋರಿಸುವುದು ಮೂರು ಗಂಟೆಯ ಒಂದು ಹನಿ ರಕ್ತ ಮಾತ್ರ.

ಪರೀಕ್ಷೆ ಮಾಡುವುದು ಹೇಗೆ

ಊಟಕ್ಕೆ ಬೇರೆ, ಬೇಸಲ್ ಬೇರೆ ಇನ್ಸುಲಿನ್ ಹಾಕುವವರಿಗೆ, ಮುಖ್ಯವಾಗಿ ಟೈಪ್ 1 ಇರುವ ಯುವಕ ಯುವತಿಯರಿಗೆ ಈ ಪರೀಕ್ಷೆ ಗೊತ್ತಿರಲೇಬೇಕು. ಇದರ ಹಿಂದಿನ ಯೋಚನೆ ಸರಳ. ಹೊಟ್ಟೆಯಲ್ಲಿ ಊಟವೂ ಇಲ್ಲ, ದೇಹದಲ್ಲಿ ಊಟದ ಇನ್ಸುಲಿನ್ನೂ ಇಲ್ಲ ಅನ್ನುವ ಹೊತ್ತಿನಲ್ಲಿ ಶುಗರ್ ಸಮನಾಗಿ ನಿಂತರೆ ಬೇಸಲ್ ಸರಿ ಇದೆ ಎಂದರ್ಥ.

ರಾತ್ರಿಯಿಂದ ಶುರು ಮಾಡುವುದು ಒಳ್ಳೆಯದು. ಆ ದಿನ ಸಂಜೆ ಆರೂವರೆ ಏಳಕ್ಕೆ ಊಟ ಮುಗಿಸಿ, ನಿಮಗೆ ಅಳತೆ ಗೊತ್ತಿರುವ ಚಪಾತಿ-ಬೇಳೆ ಸಾಕು. ಬಿರಿಯಾನಿ, ತುಪ್ಪದನ್ನ, ಕರಿದದ್ದು ಬೇಡ. ಕೊಬ್ಬಿನ ಊಟ ಕರಗುತ್ತಾ ಕರಗುತ್ತಾ ನಡುರಾತ್ರಿಯವರೆಗೂ ಸಕ್ಕರೆ ಬಿಡುತ್ತದೆ, ಪರೀಕ್ಷೆ ಕೆಡುತ್ತದೆ. ಊಟದ ಇನ್ಸುಲಿನ್ ಹಾಕಿ 4 ಗಂಟೆಯಾದರೂ ಕಳೆದ ಮೇಲೆ, ಅಂದರೆ 11 ಗಂಟೆ ಹೊತ್ತಿಗೆ ಮೊದಲ ಸಲ ನೋಡಿ. 100ರಿಂದ 180ರ ಒಳಗೆ ಇದ್ದರೆ ಮುಂದುವರಿಸಿ. ಏನೂ ತಿನ್ನದೆ, ನೀರು ಬೇಕಾದಷ್ಟು ಕುಡಿದು, 1 ಗಂಟೆಗೆ, 3 ಗಂಟೆಗೆ, 5 ಗಂಟೆಗೆ, ಎದ್ದ ಕೂಡಲೇ ಒಮ್ಮೆ ನೋಡಿ ಬರೆದಿಡಿ. ಕೈಗೆ ಅಂಟಿಸುವ ಸೆನ್ಸರ್ ಇದ್ದವರಿಗೆ ನಿದ್ದೆ ಕೆಡಿಸುವ ಕೆಲಸ ಇಲ್ಲ, ಆದರೂ ಕಡಿಮೆ ತೋರಿಸಿದಾಗ ಬೆರಳು ಚುಚ್ಚಿ ಖಾತ್ರಿ ಮಾಡಿ. ಸೆನ್ಸರ್ ಮೇಲೆ ಮಗ್ಗುಲು ಒತ್ತಿ ಮಲಗಿದರೂ ಸುಳ್ಳು ಇಳಿಕೆ ಕಾಣುತ್ತದೆ.

ಇಡೀ ರಾತ್ರಿ 30 ಮಿ.ಗ್ರಾಂ ಒಳಗೆ ಏರಿಳಿದರೆ ಡೋಸ್ ಸರಿ. 30ಕ್ಕಿಂತ ಹೆಚ್ಚು ಇಳಿದರೆ ಬೇಸಲ್ ಜಾಸ್ತಿ, ಏರಿದರೆ ಕಡಿಮೆ. ಎಲ್ಲರೂ ಎಡವುವುದು ಇಲ್ಲೇ: ಮಲಗುವಾಗ 220 ಇದ್ದು ಬೆಳಗ್ಗೆ 214 ಬಂದರೆ ಏನು? ಬೆಳಗ್ಗೆ 214 ಅಂತ ಹೆದರಿ ಬೇಸಲ್ ಏರಿಸುತ್ತಾರೆ. ಆದರೆ ಗೆರೆ ನೇರ ಇದೆಯಲ್ಲ! ಬೇಸಲ್ ತನ್ನ ಕೆಲಸ ಸರಿಯಾಗಿ ಮಾಡಿದೆ. ತಪ್ಪಿರುವುದು ರಾತ್ರಿ ಊಟದಲ್ಲಿ ಅಥವಾ ಊಟದ ಇನ್ಸುಲಿನ್‌ನಲ್ಲಿ. ಆರಂಭದ ಶಿಲ್ಕು ನೋಡದೆ ಅಂತ್ಯದ ಶಿಲ್ಕಿಗೆ ಅರ್ಥವಿಲ್ಲ.

ಒಂದೇ ರಾತ್ರಿಯ ಅಂಕಿ ನಂಬಬೇಡಿ. ಎರಡು ಮೂರು ರಾತ್ರಿ ಒಂದೇ ತರಹ ಬಂದರೆ ಮಾತ್ರ ಡಾಕ್ಟರನ್ನು ಕೇಳಿ ಬದಲಿಸಿ. ಸಾಮಾನ್ಯವಾಗಿ ಒಮ್ಮೆಗೆ ಶೇ. 10ರಷ್ಟು ಬದಲಿಸುತ್ತಾರೆ. 20 ಯೂನಿಟ್ ಇದ್ದರೆ 18 ಅಥವಾ 22. ಬದಲಿಸಿ, ನಾನು ಮೇಲೆ ಹೇಳಿದಷ್ಟು ದಿನ ಕಾದು, ಮತ್ತೆ ಪರೀಕ್ಷಿಸಬೇಕು.

ಹಗಲಿನದ್ದನ್ನೂ ನೋಡಬೇಕೆಂದರೆ ಬೇರೆ ಬೇರೆ ದಿನ ಒಂದೊಂದು ಊಟ ಬಿಡುವುದು. ಒಂದು ದಿನ ತಿಂಡಿ ಮತ್ತು ಅದರ ಇನ್ಸುಲಿನ್ ಬಿಟ್ಟು ಮಧ್ಯಾಹ್ನದವರೆಗೆ, ಇನ್ನೊಂದು ದಿನ ಮಧ್ಯಾಹ್ನದ್ದು. ಬೇಸಲ್ ಮಾತ್ರ ಎಂದಿನಂತೆ ಹಾಕಬೇಕು. ಟೈಪ್ 1 ಇರುವವರು ಊಟ ಇಲ್ಲ ಅಂತ ಬೇಸಲ್ ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ ಏರಿ ಐಸಿಯು ಸೇರುವಂತಾಗುತ್ತದೆ. ಪಂಪ್ ಇರುವವರಿಗೆ ಗಂಟೆಗೊಂದು ದರ ಇಡಬಹುದಾದ್ದರಿಂದ ಈ ಹಗಲಿನ ಪರೀಕ್ಷೆ ಹೆಚ್ಚು ಉಪಯೋಗ. ಟೈಪ್ 1ರಲ್ಲಿ ಒಟ್ಟು ದಿನದ ಇನ್ಸುಲಿನ್‌ನ ಸುಮಾರು ಅರ್ಧ ಬೇಸಲ್ ಆಗಿರುತ್ತದೆ.

ಪರೀಕ್ಷೆಯ ನಡುವೆ 70ಕ್ಕಿಂತ ಇಳಿದರೆ ಅಲ್ಲಿಗೇ ನಿಲ್ಲಿಸಿ. 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್, ಅಂದರೆ ಚಹಾ ಚಮಚದಲ್ಲಿ ಸುಮಾರು ಮೂರು, ನೀರಲ್ಲಿ ಕಲಸಿ ಕುಡಿದು 15 ನಿಮಿಷ ಬಿಟ್ಟು ನೋಡಬೇಕು. ಏರದಿದ್ದರೆ ಮತ್ತೊಮ್ಮೆ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡ ಮಾಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. 250 ದಾಟಿದರೂ ಪರೀಕ್ಷೆ ನಿಲ್ಲಿಸಿ ಡಾಕ್ಟರು ಹೇಳಿದ ತಿದ್ದುಪಡಿ ಡೋಸ್ ಹಾಕಬೇಕು.

ಜ್ವರ, ನೆಗಡಿ, ಸ್ಟೀರಾಯ್ಡ್ ಮಾತ್ರೆ, ಹಿಂದಿನ ದಿನ ಶುಗರ್ ಇಳಿದದ್ದು, ಮುಟ್ಟಿನ ದಿನಗಳು, ಇಂಥ ಹೊತ್ತಲ್ಲಿ ಪರೀಕ್ಷೆ ಮಾಡಿದರೆ ಅಂಕಿ ಸುಳ್ಳು ಹೇಳುತ್ತದೆ. ಮೈಮುರಿದು ದುಡಿದ ದಿನವೂ ಬೇಡ. ಇಲ್ಲಿ ಕ್ಯಾರೆಟ್ ಗದ್ದೆಯಲ್ಲಿ, ಟೀ ತೋಟದ ಏರಿನಲ್ಲಿ ದಿನವಿಡೀ ಕೆಲಸ ಮಾಡಿದವರಿಗೆ ಆ ರಾತ್ರಿಯೂ ಶುಗರ್ ಇಳಿಯುತ್ತಾ ಇರುತ್ತದೆ. ನನ್ನ ಅಂಗಡಿಗೆ ಬರುವ ಬಡಗ ಹಿರಿಯರೊಬ್ಬರು (ಅವರ ಮಾತು ನಮ್ಮ ಕನ್ನಡಕ್ಕೆ ಎಷ್ಟು ಹತ್ತಿರ ಎಂದರೆ ಅರ್ಧ ವ್ಯಾಪಾರ ಅದರಲ್ಲೇ ಆಗುತ್ತದೆ) ಆಲೂಗಡ್ಡೆ ಅಗೆಯುವ ವಾರದಲ್ಲಿ ಬೇರೆ ಡೋಸ್, ಮನೆಯಲ್ಲಿರುವ ವಾರ ಬೇರೆ ಡೋಸ್ ಅಂತ ಡಾಕ್ಟರ ಹತ್ತಿರ ಬರೆಸಿಕೊಂಡಿದ್ದಾರೆ. ಓದು ಬರಹ ಹೆಚ್ಚಿಲ್ಲದ ಮನುಷ್ಯ, ನನಗಿಂತ ಮೊದಲೇ ಇದನ್ನು ಅರ್ಥ ಮಾಡಿಕೊಂಡಿದ್ದರು.

ರಮಝಾನ್‌ಗೆ ಮೊದಲು

ಉಪವಾಸದ ಹಗಲೆಂದರೆ ಬೇಸಲ್‌ನ ಹದಿಮೂರು ಹದಿನಾಲ್ಕು ಗಂಟೆಯ ಪರೀಕ್ಷೆ. ಅದನ್ನು ಮೊದಲ ಉಪವಾಸದ ದಿನವೇ ಮಾಡಿ ನೋಡುವುದು ಅಪಾಯ. ಶಅಬಾನ್‌ನಲ್ಲೇ, ಸಾಧ್ಯವಾದರೆ 6-8 ವಾರ ಮೊದಲು ಡಾಕ್ಟರನ್ನು ಕಾಣಬೇಕು. ಐಡಿಎಫ್-ಡಿಎಆರ್ ಮಾರ್ಗಸೂಚಿಯ ಪ್ರಕಾರ ದಿನಕ್ಕೊಮ್ಮೆ ಬೇಸಲ್ ಹಾಕುವವರು ಅದನ್ನು ಇಫ್ತಾರ್ ಹೊತ್ತಿಗೆ, 15ರಿಂದ 30 ಶೇಕಡಾ ಕಡಿಮೆ ಮಾಡಿ ಹಾಕುವುದು. ದಿನಕ್ಕೆರಡು ಸಲ ಹಾಕುವವರು ಬೆಳಗ್ಗಿನ ಡೋಸನ್ನು ಇಫ್ತಾರ್‌ಗೆ, ಸಂಜೆಯದ್ದನ್ನು ಅರ್ಧ ಮಾಡಿ ಸಹರಿಗೆ. 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು, ಮಗ್ರಿಬ್‌ಗೆ ಹತ್ತು ನಿಮಿಷ ಇದ್ದರೂ ಸರಿ. ಬೆರಳು ಚುಚ್ಚಿ ರಕ್ತ ನೋಡಿದರೆ ಉಪವಾಸ ಮುರಿಯುವುದಿಲ್ಲ. ಇದು ಗೊತ್ತಿಲ್ಲದೆ ಹಗಲು ಪರೀಕ್ಷೆಯನ್ನೇ ಬಿಡುವವರಿದ್ದಾರೆ. ಟೈಪ್ 1 ಹಿಡಿತದಲ್ಲಿ ಇಲ್ಲದವರು, ಇನ್ಸುಲಿನ್ ಹಾಕುವ ಗರ್ಭಿಣಿಯರು, ಕಳೆದ ಮೂರು ತಿಂಗಳಲ್ಲಿ ಶುಗರ್ ತೀರಾ ಇಳಿದು ಬಿದ್ದವರು ಉಪವಾಸ ಹಿಡಿಯಬಾರದೆಂದೇ ವೈದ್ಯರ ಸಲಹೆ.

ಡೋಸ್ ಸರಿ ಇದ್ದರೂ ಲೆಕ್ಕ ತಪ್ಪುವ ಕಡೆಗಳು

ಯೂನಿಟ್ ಏರಿಸುವ ಮೊದಲು ಹೊಟ್ಟೆಯನ್ನು ಬೆರಳಿಂದ ಒತ್ತಿ ನೋಡಿ. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟು ಕಟ್ಟಿದ್ದರೆ ಅಲ್ಲಿ ಹಾಕಿದ ಇನ್ಸುಲಿನ್ ಒಂದು ದಿನ ಹೀರುತ್ತದೆ, ಇನ್ನೊಂದು ದಿನ ಇಲ್ಲ. ಜಾಗ ಬದಲಿಸಿದಾಗ ಅದೇ ಡೋಸ್ ಒಮ್ಮೆಲೇ ಜಾಸ್ತಿ ಆಗಬಹುದು, ಅದಕ್ಕೆ ಮೊದಲ ಕೆಲವು ದಿನ ಹೆಚ್ಚು ಸಲ ಶುಗರ್ ನೋಡಿ.

ಸಿರಿಂಜ್‌ನ ವಿಷಯ ಇನ್ನೂ ಗಂಭೀರ. ನಮ್ಮ ದೇಶದಲ್ಲಿ ಬಾಟಲಿ ಇನ್ಸುಲಿನ್ ಎರಡು ಬಲದಲ್ಲಿ ಸಿಗುತ್ತದೆ: ಮಿ.ಲೀ.ಗೆ 40 ಯೂನಿಟ್, ಮಿ.ಲೀ.ಗೆ 100 ಯೂನಿಟ್. 40ರ ಸಿರಿಂಜ್‌ಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಗ್ಲಾರ್ಜಿನನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ತಿರುಗಾ ಮುರುಗಾ ಆದರೆ 20ರ ಬದಲು 8. ಮೆಡಿಕಲ್‌ನಲ್ಲಿ ಕೊಟ್ಟದ್ದನ್ನು ಅಲ್ಲೇ ನಿಂತು ಬಾಟಲಿಯ ಮೇಲಿನ ಅಂಕಿ ಮತ್ತು ಮುಚ್ಚಳದ ಬಣ್ಣ ನೋಡಿಯೇ ಹೊರಡಿ. ಸಾಲು ಉದ್ದ ಇದ್ದರೆ ಇರಲಿ.

ನೀಲಗಿರಿಯಲ್ಲಿ ಇರುವವರಿಗೆ ಚಳಿಯ ಲೆಕ್ಕವೂ ಬೇಕು. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಹುಲ್ಲಿನ ಮೇಲೆ ಹಿಮ ಬಿಳಿ ಬಿಳಿಯಾಗಿ ಕೂರುತ್ತದೆ. ಇನ್ಸುಲಿನ್ ಇಡಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿ ನೋಡಲು ಚೆನ್ನಾಗಿದ್ದರೂ ಬಿಸಾಡಬೇಕು, ಹಾಗಾಗಿ ರಾತ್ರಿ ಕಿಟಕಿ ಪಕ್ಕ, ಕಾರಿನೊಳಗೆ ಬಿಡಬೇಡಿ. ಬಳಸುತ್ತಿರುವ ಗ್ಲಾರ್ಜಿನ್ ಪೆನ್ನು ಹೊರಗೆ 28 ದಿನ ಇಡಬಹುದು. ಶುಗರ್ ಯಂತ್ರಗಳಲ್ಲಿ ಹೆಚ್ಚಿನವು 10 ಡಿಗ್ರಿಗಿಂತ ಕೆಳಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ನಾವು ಯಂತ್ರವನ್ನು ಪರೀಕ್ಷೆಯ ರಾತ್ರಿ ಕಂಬಳಿಯೊಳಗೇ ಇಟ್ಟುಕೊಳ್ಳುತ್ತೇವೆ, ಬೆರಳನ್ನು ಬಿಸಿ ನೀರಲ್ಲಿ ತೊಳೆದು ಒರೆಸಿ ಚುಚ್ಚುತ್ತೇವೆ. ಊರಿಗೆಂದು ಮಂಗಳೂರಿಗೆ ಇಳಿಯುವಾಗ ಇದು ತಲೆಕೆಳಗಾಗುತ್ತದೆ. ಘಾಟ್ ಇಳಿದ ಕೂಡಲೇ ಸೆಕೆ, ಬಸ್ಸಿನ ಮೇಲಿನ ಲಗೇಜ್ ಜಾಗದಲ್ಲಿ ಇಟ್ಟ ಇನ್ಸುಲಿನ್ ಕೆಟ್ಟೀತು. ಅದನ್ನು ಕೈಚೀಲದಲ್ಲಿ ಮಡಕೆಯ ಹಾಗೆ ತಂಪಾಗಿಡುವ ಚೀಲದೊಳಗೆ ಇಡಿ, ಮಂಜುಗಡ್ಡೆಗೆ ನೇರ ತಾಗಿಸಬೇಡಿ.

ತಮಿಳುನಾಡು ಸರಕಾರ 2021ರ ಆಗಸ್ಟ್‌ನಲ್ಲಿ ಆರಂಭಿಸಿದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಶುಗರ್, ಬಿಪಿ ಇರುವವರ ಮನೆಗೇ ಆರೋಗ್ಯ ಕಾರ್ಯಕರ್ತೆಯರು ಬಂದು ಪರೀಕ್ಷಿಸಿ ಔಷಧ ಕೊಡುತ್ತಾರೆ. ಇಲ್ಲಿ ನೆಲೆಸಿರುವ ನಮ್ಮವರು ಹೆಸರು ಬರೆಸಿಕೊಳ್ಳಬಹುದು. ಆದರೂ ಇನ್ಸುಲಿನ್ ಮಾತ್ರ ಒಂದು ತಿಂಗಳದ್ದು ಮುಂಗಡ ಇರಲಿ. 2019ರ ಆಗಸ್ಟ್‌ನಲ್ಲಿ ಪಕ್ಕದ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂ.ಮೀ. ದಾಟಿ ಮಳೆ ಸುರಿದಾಗ ಗುಡ್ಡ ಜರಿದು ರಸ್ತೆಗಳೇ ಹೋಗಿದ್ದವು. ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಈಗ ಯಾವಾಗಲೂ ಎರಡು ಪೆನ್ನು ಹೆಚ್ಚಿಗೆ ಇರುತ್ತವೆ, ಅದರ ಪಕ್ಕದಲ್ಲಿ ಉಮ್ಮನ ಶುಗರ್ ಪುಸ್ತಕ. ಮಲಗುವಾಗ, ಮೂರು ಗಂಟೆ, ಬೆಳಗ್ಗೆ ಅಂತ ಮೂರು ಅಂಕಣ ಗೆರೆ ಎಳೆದದ್ದು. ಮೂರು ಗಂಟೆಯ ಅಂಕಣ ಡೋಸ್ ಬದಲಿಸಿದ ವಾರ ಮಾತ್ರ ತುಂಬುತ್ತದೆ.